ಒಂಟಿ ಹಗ್ಗದ ತೊಟ್ಟಿಲು

ಸೂಜಿಗೆ ಹೆದರದ ಹೆಂಗಸು ಎಂದು ನಮ್ಮ ಮನೆಯಲ್ಲಿ ನನಗೆ ಹೆಸರಿತ್ತು. ಆ ಹೆಸರು ತಾನಾಗಿ ಬಂದದ್ದಲ್ಲ, ನಾನೇ ಮಾಡಿಕೊಂಡದ್ದು. ಸೊಸೆ ಮದುವೆಯಾಗಿ ಬಂದ ಹೊಸದರಲ್ಲಿ ಹೊಲದಲ್ಲಿ ಜಾಲಿಮುಳ್ಳು ತುಳಿದು ಕೂತು ಅತ್ತಳು. ಪಿನ್ನು ತಂದು ಮುಳ್ಳು ಕೀಳಲು ಹೋದರೆ ಕಾಲನ್ನೇ ಕೊಡಲಿಲ್ಲ. ಆಗ ನನ್ನ ಎಡಗೈ ಚಾಚಿ ಹೇಳಿದ್ದೆ.

"ನೋಡಮ್ಮ ಇಲ್ಲಿ. ಇದನ್ನ ಹಾಕಿಸ್ಕೊಂಡಾಗ ನನಗೆ ಹತ್ತು ವರ್ಷ. ಮೂರು ಸೂಜಿ ಸೇರಿಸಿ ಚುಚ್ಚಿದ್ರು. ಕಣ್ಣಾಗೆ ಒಂದು ತೊಟ್ಟು ನೀರು ಬರ್ಲಿಲ್ಲ. ನಿಂದೇನು, ಒಂದು ಮುಳ್ಳು."

ಮೊಮ್ಮಗಳು ಚಿಕ್ಕವಳಾಗಿದ್ದಾಗ ಇಂಜೆಕ್ಷನ್ನು ಎಂದರೆ ಆಸ್ಪತ್ರೆಯ ಬೆಂಚಿನ ಕೆಳಗೆ ನುಗ್ಗುತ್ತಿದ್ದಳು. ಅವಳಿಗೂ ಇದೇ ಕೈ, ಇದೇ ಮಾತು. ಇಪ್ಪತ್ತೈದು ವರ್ಷ ಆ ಕೈಯನ್ನು ಬೆತ್ತದ ಹಾಗೆ ಎತ್ತಿ ತೋರಿಸಿ ಮನೆಯನ್ನು ಅಂಕೆಯಲ್ಲಿಟ್ಟಿದ್ದೆ.

ಕೈಮೇಲೆ ಇರುವುದು ಹಚ್ಚೆ. ಮೊಣಕೈಗೂ ಮಣಿಕಟ್ಟಿಗೂ ನಡುವೆ ಒಂದು ತೊಟ್ಟಿಲು. ನೆಟ್ಟಗಿನ ತೊಟ್ಟಿಲಿಗೆ ಎರಡು ಹಗ್ಗ ಇರಬೇಕು. ನನ್ನದಕ್ಕೆ ಒಂದೇ. ಎಡಗಡೆಯ ಹಗ್ಗ ಚುಕ್ಕೆ ಚುಕ್ಕೆಯಾಗಿ ಮೇಲಕ್ಕೆ ಹೋಗಿದೆ, ಕೊನೆಯ ಚುಕ್ಕೆ ಗೀರಿನ ಹಾಗೆ ಪಕ್ಕಕ್ಕೆ ಎಳೆದುಕೊಂಡಿದೆ. ಬಲಗಡೆ ಬರೀ ಚರ್ಮ. ಅದರಲ್ಲಿ ಮಗು ಮಲಗಿಸಿದರೆ ಉರುಳಿ ನೆಲಕ್ಕೆ ಬೀಳುತ್ತದೆ.

ಕಣ್ಣಲ್ಲಿ ನೀರು ಬರಲಿಲ್ಲ ಎಂಬುದು ನಿಜ. ಬರುವಷ್ಟು ಹೊತ್ತು ನಾನು ಅಲ್ಲಿ ಇರಲಿಲ್ಲ.

ನನ್ನ ತವರು ದೇವನಹಳ್ಳಿ ಆಚೆಯ ಚನ್ನರಾಯಪಟ್ಟಣದ ಕಡೆ. ಸುಗ್ಗಿ ಮುಗಿದ ಮೇಲೆ ಹಚ್ಚೆ ಹಾಕುವವಳು ಊರಿಗೆ ಬರುತ್ತಿದ್ದಳು. ತೆಂಗಿನ ಚಿಪ್ಪಿನಲ್ಲಿ ಮಸಿ, ಸೊಪ್ಪಿನ ರಸ, ದಾರದಲ್ಲಿ ಬಿಗಿದ ಮೂರು ಸೂಜಿ. ಒಂದು ಮೊರ ರಾಗಿ, ಒಂದು ಹಳೆ ಸೀರೆ ಕೊಟ್ಟರೆ ಕೇಳಿದ್ದು ಹಾಕುತ್ತಿದ್ದಳು. ಹಚ್ಚೆ ಇಲ್ಲದ ಹುಡುಗಿಯನ್ನು ಮದುವೆಗೆ ಯಾರೂ ಕೇಳುತ್ತಿರಲಿಲ್ಲ. ಸತ್ತಾಗ ಒಡವೆ ಬಿಚ್ಚಿಕೊಳ್ಳುತ್ತಾರೆ, ಹಚ್ಚೆ ಬಿಚ್ಚಿಕೊಳ್ಳಲು ಆಗುವುದಿಲ್ಲ, ಹೆಂಗಸಿನ ಜತೆ ಹೋಗುವ ಆಸ್ತಿ ಅದೊಂದೇ ಎಂದು ನಮ್ಮವ್ವ ಹೇಳುತ್ತಿದ್ದಳು. ನನಗೆ ಸಾಯುವ ಯೋಚನೆ ಇರಲಿಲ್ಲ. ಜಗಲಿ ಮೇಲೆ ಕೂರಿಸಿ ಅವ್ವ ಕೈ ಹಿಡಿದುಕೊಂಡಳು. ಹಚ್ಚೆಯವಳು ಏನೋ ಪದ ಹೇಳುತ್ತಾ ಚುಚ್ಚಿದಳು. ತೊಟ್ಟಿಲಾಯಿತು, ಒಂದು ಹಗ್ಗ ಆಗುತ್ತಾ ಬಂತು. ಕೈ ಕಿತ್ತುಕೊಂಡು ಎದ್ದೆ.

"ಒಂದಕ್ಕೆ ಹೋಗ್ಬೇಕು," ಎಂದೆ.

"ಹೋಗಿ ಬಾ, ಬಿರ್ರನೆ," ಎಂದಳು ಅವ್ವ.

ಹಿತ್ತಲಿಗೆ ಹೋದವಳು ಬೇಲಿ ಹಾರಿ ರಾಗಿ ಹುಲ್ಲಿನ ಬಣವೆಯೊಳಗೆ ತೂರಿಕೊಂಡೆ. ಊರೆಲ್ಲ ಕೂಗಿದರು. ಹೊರಗೆ ಬರಲಿಲ್ಲ. ಹಚ್ಚೆಯವಳು ರಾಗಿ ಸುರಿದುಕೊಂಡು ಹೊರಡುವಾಗ, "ಬಿಡ್ರವ್ವ, ಮುಂದಿನ ವರ್ಷ ಇನ್ನೊಂದು ಹಗ್ಗ ಕಟ್ಟಿಕೊಡ್ತೀನಿ," ಎಂದದ್ದು ಹುಲ್ಲಿನೊಳಗೇ ಕೇಳಿಸಿತು. ಮುಂದಿನ ವರ್ಷ ಅವಳು ಬರುವ ಹೊತ್ತಿಗೆ ನಾನು ಸೋದರಮಾವನ ಊರಿಗೆ ಹೋಗಿದ್ದೆ. ಅದರ ಮುಂದಿನ ವರ್ಷವೂ ಅಷ್ಟೇ.

ಮದುವೆಯಾಗಿ ಕುಂದಾಣದ ಕಡೆಯ ಈ ಊರಿಗೆ ಬಂದೆ. ಮದುವೆ ಚಪ್ಪರದಲ್ಲಿ ಅರಿಸಿನ ಹಚ್ಚುವಾಗ ನಮ್ಮತ್ತೆ ನನ್ನ ಕೈ ತಿರುಗಿಸಿ ನೋಡಿದಳು.

"ಏನ್ರೀ ಬೀಗಿತ್ತಿ, ನಿಮ್ಮ ಕಡೆ ತೊಟ್ಟಿಲಿಗೆ ಒಂದೇ ಹಗ್ಗವಾ?"

ನನ್ನ ಎದೆ ಧಸಕ್ಕೆಂದಿತು. ನಮ್ಮವ್ವನ ಎದೆಗೆ ಏನೂ ಆಗಲಿಲ್ಲ. ಎಲೆಯಡಿಕೆ ಅಗಿಯುತ್ತಲೇ ಹೇಳಿದಳು.

"ನಮ್ಮ ಕಡೆ ಅಂಗೇ ಕಣ್ರವ್ವ. ತವರಿನೋರು ಒಂದು ಹಗ್ಗ ಕಟ್ಟಿ ಕಳಿಸ್ತೀವಿ. ಮಗು ಆದ್ಮೇಲೆ ಇನ್ನೊಂದು ಹಗ್ಗ ಗಂಡನ ಮನೆಯೋರು ಕಟ್ಟಿಸ್ಬೇಕು. ಎರಡೂ ಮನೆ ಹಿಡ್ಕೊಂಡ್ರೆ ತಾನೆ ತೊಟ್ಟಿಲು ನಿಲ್ಲೋದು?"

ಚಪ್ಪರದ ಕೆಳಗಿದ್ದ ಹೆಂಗಸರೆಲ್ಲ ತಲೆದೂಗಿದರು. ಎಂಥ ಒಳ್ಳೇ ಶಾಸ್ತ್ರ, ನಮಗೆ ಗೊತ್ತೇ ಇರಲಿಲ್ಲವಲ್ಲ ಎಂದರು. ಅಷ್ಟಕ್ಕೇ ನಿಂತಿದ್ದರೆ ಸರಿಯಿತ್ತು. ಆ ವರ್ಷವೇ ನನ್ನ ನಾದಿನಿಗೆ ಊರೊಳಗೇ ಮದುವೆ ಗೊತ್ತಾಯಿತು. ನಮ್ಮತ್ತೆ ಹಚ್ಚೆಯವಳನ್ನು ಕರೆಸಿ, ನನ್ನ ಕೈ ತೋರಿಸಿ, ಮಗಳಿಗೂ ಒಂದೇ ಹಗ್ಗ ಹಾಕಿಸಿದಳು. ಆಮೇಲೆ ಎದುರು ಮನೆಯ ಹುಡುಗಿ. ಆಮೇಲೆ ಪಟೇಲರ ಮನೆಯ ಇಬ್ಬರು. ಮೂರು ವರ್ಷದಲ್ಲಿ ನಮ್ಮೂರಿನ ಬಾವಿಕಟ್ಟೆಯ ಮೇಲೆ ಐದು ಒಂಟಿ ಹಗ್ಗದ ತೊಟ್ಟಿಲುಗಳು ನೀರು ಸೇದುತ್ತಿದ್ದವು. ಅವ್ವ ಒಂದು ಸಲ ನನ್ನನ್ನು ನೋಡಲು ಬಂದವಳು ಅದನ್ನು ಕಂಡಳು. ಸೆರಗು ಬಾಯಿಗೆ ತುರುಕಿಕೊಂಡು ದನದ ಕೊಟ್ಟಿಗೆಯ ಹಿಂದಕ್ಕೆ ಹೋದಳು. ನಾನೂ ಹೋದೆ. ಇಬ್ಬರೂ ಗೋಡೆಗೆ ತಲೆಯಿಟ್ಟು ನಕ್ಕದ್ದಕ್ಕೆ ಹಸು ಹಗ್ಗ ಕಿತ್ತುಕೊಂಡಿತು.

ನನಗೆ ಮಗು ಆದಾಗ ಅತ್ತೆ ಇನ್ನೊಂದು ಹಗ್ಗಕ್ಕೆ ಹಚ್ಚೆಯವಳಿಗೆ ಹೇಳಿಕಳಿಸಿದಳು. ಮಗುವಿಗೆ ಜ್ವರ ಎಂದೆ. ಎರಡನೆಯದಕ್ಕೆ ನನಗೇ ಜ್ವರ. ಮೂರನೆಯದಕ್ಕೆ ಅತ್ತೆಯ ಕಣ್ಣು ಮಂಜಾಗಿತ್ತು, ಒಂದು ಹಗ್ಗವೋ ಎರಡೋ ಕಾಣುತ್ತಿರಲಿಲ್ಲ. ನಾಲ್ಕು ಮಕ್ಕಳು ಒಂದೇ ಹಗ್ಗದ ಮೇಲೆ ಬೆಳೆದವು. ಅಷ್ಟರಲ್ಲಿ ಹಚ್ಚೆಯವಳು ಊರಿಗೆ ಬರುವುದೇ ನಿಂತಿತು. ಹಚ್ಚೆ ಅಂದರೆ ಹಳ್ಳಿಗುಗ್ಗು ಎಂದಾಯಿತು. ಹುಡುಗಿಯರು ಬೇಡ ಎಂದರು. ನನ್ನ ನಾದಿನಿಯಂತೂ ತನ್ನದನ್ನು ಸುಣ್ಣ ಹಚ್ಚಿ ತಿಕ್ಕಿ ಕೈಯೆಲ್ಲ ಬೊಬ್ಬೆ ಎಬ್ಬಿಸಿಕೊಂಡಳು. ತೊಟ್ಟಿಲು ಹೋಗಲಿಲ್ಲ. ನನಗೆ ಮಾತ್ರ ನೆಮ್ಮದಿಯಾಯಿತು. ಇನ್ನು ನನ್ನನ್ನು ಯಾರೂ ಕೇಳುವುದಿಲ್ಲ ಅಂದುಕೊಂಡೆ.

ಹಾಗೆ ಅಂದುಕೊಂಡದ್ದು ತಪ್ಪು. ಬಿಸಾಕಿದ್ದೆಲ್ಲ ವಾಪಸು ಬರುವ ಕಾಲ ಇದು. ನಾವು ಇದ್ದಿಲಲ್ಲಿ ಹಲ್ಲುಜ್ಜಿದ್ದು ಬೇರೇನೂ ಇರಲಿಲ್ಲವಲ್ಲ ಎಂದು. ಮಗ ಪೇಸ್ಟು ತಂದ ದಿನವೇ ಇದ್ದಿಲನ್ನು ತಿಪ್ಪೆಗೆ ಸುರಿದೆ. ಈಗ ಮೊಮ್ಮಗಳು ಕರೀ ಪೇಸ್ಟು ತಂದಿದ್ದಾಳೆ. ಏನೇ ಇದು ಎಂದರೆ, ಇದ್ದಿಲು ಅಜ್ಜಿ, ಹಲ್ಲಿಗೆ ಒಳ್ಳೇದು ಎನ್ನುತ್ತಾಳೆ. ಅಂಬಲಿ ಕುಡಿಯುವ ಮನೆ ಎಂದು ಮೂಗು ಮುರಿದಿದ್ದ ನಾದಿನಿಯ ಮಗ ಈಗ ಬೆಳಿಗ್ಗೆ ವಾಕಿಂಗು ಮುಗಿಸಿ ಗಾಜಿನ ಲೋಟದಲ್ಲಿ ಅದೇ ಅಂಬಲಿ ಕುಡಿಯುತ್ತಾನೆ. ದೇವನಹಳ್ಳಿ ರಸ್ತೆಯ ಒಂದು ಹೋಟೆಲಿನ ಬಾಗಿಲಲ್ಲಿ ಒರಳುಕಲ್ಲು ಇಟ್ಟು, ನೀರು ತುಂಬಿ, ಹೂವು ತೇಲಿಬಿಟ್ಟಿದ್ದಾರೆ. ಅದನ್ನು ನೋಡಿದರೆ ನನ್ನ ರಟ್ಟೆ ನೋಯುತ್ತದೆ. ನನ್ನ ಕಲ್ಲು ಬಚ್ಚಲ ಮುಂದೆ ಬೋರಲು ಬಿದ್ದಿದೆ, ಅದರ ಮೇಲೆ ನಿಂತು ಕಾಲು ತೊಳೆಯುತ್ತೇವೆ. ರುಬ್ಬಿದವರು ಬಿಸಾಕಿದರು, ರುಬ್ಬದವರು ಎತ್ತಿಕೊಂಡರು. ಹಳೆಯದು ಮರಳಿ ಬರಬೇಕಾದರೆ ಕಷ್ಟಪಟ್ಟವರು ಮುದುಕರಾಗಬೇಕು, ಪಡದವರ ಕೈಯಲ್ಲಿ ಫೋನಿರಬೇಕು. ನನಗೆ ತಿಳಿದದ್ದು ಇಷ್ಟೇ.

ಮೊಮ್ಮಗಳು ಮಗನ ಮಗಳು, ಬಾಶೆಟ್ಟಿಹಳ್ಳಿಯ ಒಂದು ಫ್ಯಾಕ್ಟರಿಯಲ್ಲಿ ಕೆಲಸ. ಸ್ಕೂಟರಿನಲ್ಲಿ ಹೋಗಿ ಬರುತ್ತಾಳೆ. ನೆಲಮಂಗಲದ ಕಡೆಯ ಹುಡುಗನ ಜತೆ ಮದುವೆ ಗೊತ್ತಾಗಿದೆ. ಒಂದು ಸಂಜೆ ಶಿಫ್ಟು ಮುಗಿಸಿ ಬಂದವಳು ಕಾಲೂ ತೊಳೆಯದೆ ನನ್ನ ಮುಂದೆ ಕೂತಳು.

"ಅಜ್ಜಿ, ಕೈ ಕೊಡು."

"ಏನಕ್ಕೇ?"

"ಫೋಟೋ ತಗೋಬೇಕು. ಮದುವೆಗೆ ಮುಂಚೆ ಇದೇ ಡಿಸೈನ್ ನಾನೂ ಹಾಕಿಸ್ಕೋತೀನಿ. ಒಂದು ಚುಕ್ಕೆ ಹೆಚ್ಚುಕಮ್ಮಿ ಆಗ್ಬಾರ್ದು."

"ನಿನಗೇನು ಬಂತೇ ಕೇಡು. ನಮ್ಮನ್ನ ಹಿಡ್ಕೊಂಡು ಹಾಕ್ತಿದ್ರು. ನೀನಾಗೇ ಹೋಗ್ತೀಯಾ?"

"ನಿಂಗೊತ್ತಿಲ್ಲ ಅಜ್ಜಿ, ಈಗ ಎಲ್ರೂ ಇದನ್ನೇ ಹುಡುಕ್ತಾ ಇದಾರೆ. ಫ್ಯಾಕ್ಟರೀಲಿ ನಮ್ಮ ಲೈನಿನ ಹುಡುಗೀರಿಗೆ ಈ ಕತೆ ಹೇಳ್ದೆ. ತವರಿನ ಹಗ್ಗ ಒಂದು, ಗಂಡನ ಮನೆ ಹಗ್ಗ ಒಂದು. ನಾಲ್ಕು ಜನ ನಮಗೂ ಬೇಕು ಅಂದ್ರು. ನೆಲಮಂಗಲದ ಅತ್ತೆಗೂ ಫೋನಲ್ಲಿ ಹೇಳ್ದೆ. ಅವ್ರು ಗೊಳೋ ಅಂತ ಅತ್ತುಬಿಟ್ರು. ಇನ್ನೊಂದು ಹಗ್ಗ ನಾನೇ ನಿಂತು ಕಟ್ಟಿಸ್ತೀನಿ ಮಗಳೇ ಅಂದ್ರು."

ನಮ್ಮವ್ವ ಎಲೆಯಡಿಕೆ ಅಗಿಯುತ್ತಾ ಹೇಳಿದ ಸುಳ್ಳು ನೆಲಮಂಗಲ ಮುಟ್ಟಿತ್ತು.

ಎರಡು ದಿನ ನನಗೆ ಮುದ್ದೆ ಗಂಟಲಲ್ಲಿ ಇಳಿಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಮುದ್ದೆ ಇಳಿಯಿತು. ಆದರೆ ಲೆಕ್ಕ ಯಾವ ಕಡೆಯಿಂದ ಹಾಕಿದರೂ ಸರಿಬರಲಿಲ್ಲ. ನಿಜ ಹೇಳಿದರೆ ಸೊಸೆಯ ಮುಂದೆ ಇಪ್ಪತ್ತೈದು ವರ್ಷ ಎತ್ತಿದ ಕೈ ಕೆಳಗೆ ಬೀಳುತ್ತದೆ. ಹೇಳದಿದ್ದರೆ ಬೆಂಚಿನ ಕೆಳಗೆ ನುಗ್ಗುತ್ತಿದ್ದ ಆ ಹುಡುಗಿ, ನಾನು ಓಡಿಹೋದ ಗುರುತನ್ನು ಚುಚ್ಚಿಸಿಕೊಂಡು ಸಾಯುವ ತನಕ ಹೊತ್ತು ತಿರುಗುತ್ತಾಳೆ. ಅದೂ ಎರಡು ಸಲ ಚುಚ್ಚಿಸಿಕೊಂಡು. ಸುತ್ತುಬಳಸಿ ಬಿಡಿಸಲು ನೋಡಿದೆ.

"ತುಂಬಾ ನೋಯ್ತದೆ ಕಣೇ," ಎಂದೆ.

"ನಿಂಗೆ ನೋಯ್ಲಿಲ್ವಲ್ಲ."

"ನನ್ನ ಚರ್ಮ ದಪ್ಪ."

"ನಿನ್ನ ಮೊಮ್ಮಗಳು ತಾನೆ ನಾನು?"

ಒಳಗಿನಿಂದ ಸೊಸೆ, "ನಿಮ್ಮಜ್ಜಿ ಹಂಗೆಲ್ಲ ಹೆದರೋರಲ್ಲ ಕಣೇ," ಎಂದಳು. ಅವಳ ದನಿಯಲ್ಲಿ ವ್ಯಂಗ್ಯ ಇತ್ತೋ ಇಲ್ಲವೋ ತಿಳಿಯಲಿಲ್ಲ.

ಭಾನುವಾರ ಸ್ಕೂಟರಿನ ಹಿಂದೆ ಕೂರಿಸಿಕೊಂಡು ದೊಡ್ಡಬಳ್ಳಾಪುರಕ್ಕೆ ಕರೆದುಕೊಂಡು ಹೋದಳು. ಮಾದರಿಗೆ ನನ್ನ ಕೈಯೇ ಎದುರಿಗಿರಬೇಕಂತೆ, ಫೋಟೋ ಸಾಲದಂತೆ. ಅಂಗಡಿ ಬಸ್‌ಸ್ಟ್ಯಾಂಡಿಗೆ ಹತ್ತಿರದ ಒಂದು ಓಣಿಯಲ್ಲಿ, ಬೇಕರಿಯ ಮೇಲಿನ ಮಹಡಿ. ಓಣಿಯ ಎರಡೂ ಕಡೆ ಮಗ್ಗಗಳ ಸದ್ದು. ಮೆಟ್ಟಿಲು ಹತ್ತಿ ಹೋದರೆ ಹಚ್ಚೆ ಹಾಕುವವನು ಎದ್ದು ನಿಂತು ಕೈ ಮುಗಿದ. ಮೂವತ್ತು ದಾಟಿದವನು. ತಲೆಯ ಮೇಲೆ ಜುಟ್ಟು, ಎರಡು ಕಿವಿಗೂ ಒಂಟಿಯೆಂಬ ರಿಂಗು. ನನಗೆ ನಮ್ಮ ತಾತನೇ ಎದ್ದು ಬಂದಂತಾಯಿತು. ನಮ್ಮಪ್ಪ ಹೊಸಕೋಟೆ ಸಂತೆಗೆ ಹೋದವನು ಜುಟ್ಟು ತೆಗೆಸಿ ಕ್ರಾಪು ಬಿಡಿಸಿಕೊಂಡು ಬಂದಾಗ ಆ ತಾತ ತಿಂಗಳು ಪೂರ್ತಿ ಮಗನ ಜತೆ ಮಾತು ಬಿಟ್ಟಿದ್ದ. ಪಾಪ, ಸ್ವಲ್ಪ ತಡೆದಿದ್ದರೆ ಜುಟ್ಟು ತಾನಾಗಿಯೇ ವಾಪಸು ಬರುತ್ತಿತ್ತು.

"ಏನಪ್ಪಾ, ಈ ಜುಟ್ಟಿಗೆ ನಿಮ್ಮಪ್ಪ ಏನೂ ಅನ್ನಲ್ವಾ?" ಎಂದು ಕೇಳಿದೆ.

"ದಿನಾ ಅಂತಾರೆ ಅಜ್ಜಿ. ಕತ್ತರಿ ಇಟ್ಕೊಂಡೇ ಮಲಗ್ತಾರೆ."

"ಅನ್ಲಿ ಬಿಡು. ನಮ್ಮನೇಲಿ ಜುಟ್ಟು ತೆಗೆಸಿದ್ದಕ್ಕೆ ಬೈದಿದ್ರು."

ಅವನು ನನ್ನ ಕೈಯನ್ನು ದೀಪದ ಕೆಳಗಿಟ್ಟು, ಕನ್ನಡಕದ ಮೇಲೊಂದು ಗಾಜು ಹಿಡಿದು, ಚಿನಿವಾರ ಚಿನ್ನ ನೋಡುವ ಹಾಗೆ ನೋಡಿದ. ನನ್ನ ಕೈಯನ್ನು ಅಷ್ಟು ಹೊತ್ತು ನನ್ನ ಗಂಡನೂ ನೋಡಿರಲಿಲ್ಲ.

"ಏನು ಕೈ ಅಜ್ಜಿ ಹಾಕಿದೋರ್ದು," ಎಂದ. "ಚುಕ್ಕೆ ನೋಡಿ, ಎಲ್ಲ ಒಂದೇ ಸಮ. ಇಲ್ಲಿ ಬಲಗಡೆ ಬೇಕೂಂತ್ಲೇ ಬಿಟ್ಟಿದಾರೆ. ಈ ಖಾಲಿ ಜಾಗ ಇದೆಯಲ್ಲ, ಇದೇ ಇದರ ಜೀವ."

ನಾನೂ ಆ ಖಾಲಿ ಜಾಗವನ್ನು ನೋಡಿದೆ. ಆ ಜಾಗಕ್ಕೆ ಹಗ್ಗ ಬರಬೇಕಾಗಿದ್ದ ಹೊತ್ತಿಗೆ ನಾನು ಬಣವೆಯಲ್ಲಿ ಸೀನು ತಡೆದುಕೊಂಡು ಕೂತಿದ್ದೆ.

"ಈ ಕೊನೇ ಚುಕ್ಕೆ ಗೀರಾಗಿದೆಯಲ್ಲ, ಇದಕ್ಕೇನು ಅರ್ಥ?"

ನಾನು ಬಾಯಿ ಬಿಡುವ ಮೊದಲೇ ಮೊಮ್ಮಗಳು ಹೇಳಿದಳು. "ಅದು ತೊಟ್ಟಿಲು ತೂಗ್ತಾ ಇದೆ ಅಂತ ಇರ್ಬೇಕು ಅಣ್ಣ. ಅಲ್ವಾ ಅಜ್ಜಿ?"

"ಇರ್ಬೋದು," ಎಂದೆ. ನಮ್ಮವ್ವನ ಮಗಳು ನಾನು.

ಅವನು ಕಾಗದದಲ್ಲಿ ಬರೆದು, ಅದನ್ನು ಅವಳ ಕೈಗೆ ಒತ್ತಿ ನೀಲಿ ಗುರುತು ಮೂಡಿಸಿದ. ಹೊಸ ಸೂಜಿಯ ಪೊಟ್ಟಣ ಒಡೆದ. ಕೈಗೆ ಗವಸು ಹಾಕಿದ. ಯಂತ್ರ ಜುಂಯ್ ಎಂದಿತು. ನಾನು ಕೂತಲ್ಲೇ ಗೋಡೆಯ ಕಡೆ ತಿರುಗಿದೆ. ಮೊಮ್ಮಗಳು ಒಂದು ಕೈ ಅವನಿಗೆ ಕೊಟ್ಟು ಇನ್ನೊಂದರಲ್ಲಿ ನನ್ನ ಕೈ ಹಿಡಿದಿದ್ದಳು. ಅವಳ ಉಗುರುಗಳು ನನ್ನ ಅಂಗೈಯಲ್ಲಿ ನಾಲ್ಕು ಕಡೆ ಇಳಿದವು. ತೊಟ್ಟಿಲು ಮುಗಿಯುವ ಹೊತ್ತಿಗೆ ಅವಳ ಮುಖ ಸುಣ್ಣದ ಗೋಡೆಯಾಗಿತ್ತು, ಕಣ್ಣಿನಿಂದ ನೀರು ಕಿವಿಯ ಕಡೆಗೆ ಹರಿಯುತ್ತಿತ್ತು.

"ಅಜ್ಜಿ," ಎಂದಳು, ಹಲ್ಲು ಕಚ್ಚಿಕೊಂಡು. "ನಿಜವಾಗ್ಲೂ ನೀನು ಅಳ್ಲಿಲ್ವಾ?"

"ಇಲ್ಲ."

"ನಾನು ಯಾಕೆ ಇಷ್ಟು ಅಳ್ತೀನಿ ಹಂಗಾದ್ರೆ? ಚಿಕ್ಕೋಳಿದ್ದಾಗಿಂದ ನಾನೊಬ್ಳೇ ಪುಕ್ಕಲಿ ಈ ಮನೇಲಿ."

ಈ ಮಾತು ಬಂದ ಮೇಲೆ ಸುಮ್ಮನಿರಲು ನನ್ನಿಂದ ಆಗಲಿಲ್ಲ. ಕನಿಕರದಿಂದಲ್ಲ. ಪುಕ್ಕಲಿಯ ಪಟ್ಟ ನನ್ನದು, ಅದನ್ನು ಇವಳು ಯಾಕೆ ಹೊತ್ತುಕೊಳ್ಳಬೇಕು ಎಂದು.

"ನಾನು ಅಳ್ಲಿಲ್ಲ ಕಣೇ," ಎಂದೆ. "ಓಡ್ದೆ."

"ಏನು?"

"ಒಂದಕ್ಕೆ ಹೋಗ್ಬೇಕು ಅಂತ ಹೇಳಿ ಓಡ್ದೆ. ಹುಲ್ಲು ಬಣವೇಲಿ ಕೂತ್ಕೊಂಡೆ. ಅದಕ್ಕೇ ಒಂದು ಹಗ್ಗ. ಶಾಸ್ತ್ರನೂ ಇಲ್ಲ, ಮಣ್ಣೂ ಇಲ್ಲ. ನಮ್ಮವ್ವ ಮದುವೆ ಚಪ್ಪರದಾಗೆ ಮರ್ಯಾದೆ ಉಳಿಸ್ಕೊಳ್ಳೋಕೆ ಬಿಟ್ಟ ಬುರುಡೆ ಅದು."

ಯಂತ್ರ ನಿಂತಿತು.

"ಆ ಗೀರು?" ಎಂದ ಜುಟ್ಟಿನವನು, ಮೆಲ್ಲಗೆ.

"ಕೈ ಕಿತ್ಕೊಂಡಾಗ ಆದದ್ದು."

ಮೊದಲು ನಕ್ಕವನು ಅವನೇ. ಗಾಜು ಪಕ್ಕಕ್ಕಿಟ್ಟು, ಯಂತ್ರವನ್ನು ಮೇಲಕ್ಕೆ ಎತ್ತಿ ಹಿಡಿದು, ಭುಜ ಕುಣಿಸಿಕೊಂಡು ನಕ್ಕ. ಮೊಮ್ಮಗಳು ಕುರ್ಚಿಯಲ್ಲೇ ಮಡಚಿಕೊಂಡಳು. "ಅಲ್ಲಾಡ್ಬೇಡಿ, ಅಲ್ಲಾಡ್ಬೇಡಿ," ಎಂದು ಅವನು ಹೇಳುತ್ತಾ ತಾನೇ ಅಲ್ಲಾಡುತ್ತಿದ್ದ. ಕೆಳಗಿನ ಬೇಕರಿಯವನು ಮೆಟ್ಟಿಲ ಬುಡಕ್ಕೆ ಬಂದು ಏನಾಯಿತು ಗುರು ಎಂದು ಕೂಗಿದ. ನನಗೂ ತಡೆಯಲಾಗಲಿಲ್ಲ. ಕೊಟ್ಟಿಗೆಯ ಹಿಂದೆ ಅವ್ವನ ಜತೆ ನಕ್ಕ ಮೇಲೆ ಈ ವಿಷಯಕ್ಕೆ ನಕ್ಕದ್ದು ಅದೇ ಮೊದಲು.

"ಇನ್ನೂ ಹಗ್ಗ ಹಾಕಿಲ್ಲ," ಎಂದೆ. "ಈಗಲೇ ಎರಡೂ ಕಡೆ ಹಾಕಿಸ್ಕೊ. ಒಂದೇ ಸಲಕ್ಕೆ ಮುಗೀಲಿ."

ಅವಳು ಕಣ್ಣು ಒರೆಸಿಕೊಂಡು ತನ್ನ ಕೈ ನೋಡಿದಳು, ನನ್ನ ಕೈ ನೋಡಿದಳು.

"ಒಂದೇ ಹಾಕಣ್ಣ," ಎಂದಳು. "ಆ ಗೀರೂ ಹಾಕು. ಅದೇ ಮುಖ್ಯ."

"ಶಾಸ್ತ್ರ ಅಲ್ಲ ಅಂದ್ನಲ್ಲೇ."

"ಶಾಸ್ತ್ರ ಯಾರಿಗೆ ಬೇಕು ಅಜ್ಜಿ. ನನ್ನಂಥೋಳು ಇನ್ನೊಬ್ಳು ಇದ್ಲಲ್ಲ ಮನೇಲಿ, ಅಷ್ಟು ಸಾಕು."

ಹಗ್ಗಕ್ಕೆ ಅವಳು ಅಳಲಿಲ್ಲ. ಮಧ್ಯೆ ಮಧ್ಯೆ ನಗು ಉಕ್ಕಿ ಬಂದಾಗ ಅವನು ಯಂತ್ರ ಎತ್ತಿಕೊಂಡು ಕಾಯುತ್ತಿದ್ದ. ಗೀರು ಹಾಕುವಾಗ ಮೂರು ಸಲ ನನ್ನ ಕೈ ನೋಡಿ ಹಾಕಿದ. ಮುಗಿದ ಮೇಲೆ ಒರೆಸಿ, ಮೇಲೆ ತೆಳ್ಳಗಿನ ಪ್ಲಾಸ್ಟಿಕ್ಕು ಸುತ್ತಿದ. ಅವಳು ಕುರ್ಚಿಯಿಂದ ಇಳಿದು, ಆ ಕುರ್ಚಿಯನ್ನೇ ತಟ್ಟಿ ತೋರಿಸಿದಳು.

"ಬಾ ಅಜ್ಜಿ. ಈಗ ನಿಂದು."

"ನಂದೇನು?"

"ಇನ್ನೊಂದು ಹಗ್ಗ. ಬಾಕಿ ಇದೆ. ಕೂತ್ಕೊ, ಇಲ್ಲಾಂದ್ರೆ ಅಮ್ಮಂಗೆ ಹೇಳ್ತೀನಿ."

ಜುಟ್ಟಿನವನು ಗಂಭೀರನಾದ. "ವಯಸ್ಸಾದೋರ ಚರ್ಮ ತೆಳು ಇರುತ್ತೆ, ನೋಡ್ಕೊಂಡು ಹಾಕ್ಬೇಕು. ಸಕ್ಕರೆ ಕಾಯಿಲೆ ಏನಾದ್ರೂ ಇದೆಯಾ ಅಜ್ಜಿ? ಇದ್ರೆ ಹಾಕಕ್ಕಾಗಲ್ಲ."

ನಮ್ಮೂರಿನಲ್ಲಿ ಸಕ್ಕರೆ ಕಾಯಿಲೆ ಇಲ್ಲದ ಮುದುಕಿ ನಾನೊಬ್ಬಳೇ. ಇಷ್ಟು ವರ್ಷ ಅದನ್ನು ಹೇಳಿಕೊಂಡು ಮೆರೆದಿದ್ದೇನೆ.

"ಐತೆ," ಎಂದೆ.

"ಇಲ್ಲ," ಎಂದಳು ಮೊಮ್ಮಗಳು. "ಹೋದ ವಾರ ನಾನೇ ಟೆಸ್ಟ್ ಮಾಡಿಸಿದೀನಿ. ಬೆರಳಿಗೆ ಚುಚ್ಚುವಾಗ ನೀನು ಫ್ಯಾನು ನೋಡ್ತಾ ಇದ್ದೆ. ಆಗ್ಲೇ ನಂಗೆ ಅನುಮಾನ ಬರ್ಬೇಕಿತ್ತು."

ಕೂತೆ. ಇನ್ನೇನು ಮಾಡುವುದು. ಅವನು ಹೊಸ ಸೂಜಿ ಹಾಕಿದ, ಖಾಲಿ ಜಾಗವನ್ನು ಒದ್ದೆ ಹತ್ತಿಯಿಂದ ಒರೆಸಿದ. ತಣ್ಣಗಾಯಿತು. ಯಂತ್ರ ಜುಂಯ್ ಎಂದಿತು. ಅದು ನನ್ನ ಕೈಯ ಹತ್ತಿರ ಬರಲಿಲ್ಲ, ಇನ್ನೂ ಒಂದು ಗೇಣು ದೂರವಿತ್ತು. ನನ್ನ ಬಾಯಿಂದ ಮಾತು ತಾನಾಗಿಯೇ ಬಂತು.

"ಒಂದಕ್ಕೆ ಹೋಗ್ಬೇಕು."

ಅವನು ಪಾಪದವನು. "ಕೆಳಗೆ ಬೇಕರಿ ಹಿಂದೆ ಇದೆ ಅಜ್ಜಿ," ಎಂದ. ಮೊಮ್ಮಗಳು ತನ್ನ ಕೈಯ ಫೋಟೋ ತೆಗೆದುಕೊಳ್ಳುವುದರಲ್ಲಿ ಮುಳುಗಿದ್ದಳು. ಅವಳಿಗೆ ಮಾತು ತಲೆಗೆ ಹೋಗುವ ಹೊತ್ತಿಗೆ ನಾನು ಅರ್ಧ ಮೆಟ್ಟಿಲು ಇಳಿದಿದ್ದೆ. ಮಂಡಿ ನೋವು ಎಂದು ಮನೆಯಲ್ಲಿ ಎರಡು ಮೆಟ್ಟಿಲಿಗೆ ಗೋಡೆ ಹಿಡಿಯುವವಳು ನಾನು. ಆವತ್ತು ಯಾವ ಗೋಡೆಯೂ ಬೇಕಾಗಲಿಲ್ಲ. ಬೇಕರಿ ದಾಟಿದೆ, ಓಣಿ ದಾಟಿದೆ. ಬಸ್‌ಸ್ಟ್ಯಾಂಡಿನಲ್ಲಿ ಕುಂದಾಣದ ಕಡೆಯ ಬಸ್ಸು ಹೊರಡಲು ಗುರುಗುಡುತ್ತಿತ್ತು. ಹತ್ತಿದೆ. ಹೆಂಗಸರಿಗೆ ಬಿಟ್ಟಿ ಪ್ರಯಾಣ ಕೊಟ್ಟದ್ದು ಇಂಥ ಹೊತ್ತಿಗೇ ಇರಬೇಕು. ಆಧಾರ್ ಕಾರ್ಡು ಸೊಂಟದ ಎಲೆಯಡಿಕೆ ಚೀಲದಲ್ಲಿತ್ತು.

"ಎಲ್ಲಿಗಜ್ಜಿ?" ಎಂದ ಕಂಡಕ್ಟರು.

"ಮೊದಲು ಹೊರಡಪ್ಪ. ಆಮೇಲೆ ಹೇಳ್ತೀನಿ."

ಕಿಟಕಿ ಪಕ್ಕ ಹೂವಿನ ಬುಟ್ಟಿ ಇಟ್ಟುಕೊಂಡು ನನ್ನಷ್ಟೇ ವಯಸ್ಸಿನ ಹೆಂಗಸು ಕೂತಿದ್ದಳು. ಹೂವೆಲ್ಲ ಮಾರಿ ಬರಿದಾದ ಬುಟ್ಟಿ. ಅವಳ ಪಕ್ಕದಲ್ಲಿ ಕೂತು ಏದುಸಿರು ಬಿಟ್ಟೆ. ಬಸ್ಸು ಊರು ಬಿಟ್ಟಿತು. ಗಾಳಿ ಬಂತು. ನನಗೆ ಹತ್ತು ವರ್ಷದವಳಷ್ಟು ಖುಷಿಯಾಯಿತು. ಮಾನ ಹೋದರೆ ಮೈ ಇಷ್ಟು ಹಗುರ ಆಗುತ್ತದೆ ಎಂದು ಮೊದಲೇ ಗೊತ್ತಿದ್ದರೆ ಯಾವಾಗಲೋ ಕಳೆದುಕೊಳ್ಳುತ್ತಿದ್ದೆ.

ಖುಷಿ ಎರಡು ಸ್ಟಾಪಿನವರೆಗೆ. ಮೂರನೆಯದರಲ್ಲಿ ಜನ ಹತ್ತುತ್ತಿದ್ದಾಗ ಕಿಟಕಿಯ ಕೆಳಗೆ ಸ್ಕೂಟರು ಬಂದು ನಿಂತಿತು. ಪ್ಲಾಸ್ಟಿಕ್ಕು ಸುತ್ತಿದ ಕೈಯೊಂದು ಬಸ್ಸಿನ ತಗಡು ಬಡಿಯಿತು.

"ಅಜ್ಜೀ, ಇಳಿ ಕೆಳಗೆ."

"ಇಳಿಯಲ್ಲ ಹೋಗೇ."

"ಕಂಡಕ್ಟರಣ್ಣ, ನಮ್ಮಜ್ಜೀನ ಇಳಿಸಿ. ಸೂಜಿಗೆ ಹೆದರಿ ಓಡಿಬಂದವ್ಳೆ."

ಬಸ್ಸು ತುಂಬಾ ಜನ ತಿರುಗಿದರು. ಕಂಡಕ್ಟರು ನನ್ನ ಕಡೆ ನೋಡಿದ. "ಏನಜ್ಜಿ, ಯಾವ ಆಸ್ಪತ್ರೆಯಿಂದ?"

"ಆಸ್ಪತ್ರೆ ಅಲ್ಲಪ್ಪ. ಹಚ್ಚೆ."

"ಈ ವಯಸ್ಸಲ್ಲಿ?"

"ಈ ವಯಸ್ಸಿಂದಲ್ಲ, ಅರವತ್ತು ವರ್ಷದ ಹಿಂದಿಂದು," ಎಂದು ಹೇಳಿದೆ. ಹೇಗೂ ಹೋದ ಮಾನ, ಇನ್ನೇನು ಮುಚ್ಚುವುದು ಎಂದು ಕೈ ಎತ್ತಿ ಒಂಟಿ ಹಗ್ಗ ತೋರಿಸಿದೆ. ಬಣವೆಯಿಂದ ಹಿಡಿದು ಬೇಕರಿಯ ತನಕ ಎರಡೇ ಮಾತಲ್ಲಿ ಮುಗಿಸಿದೆ. ಭಾನುವಾರದ ಶಿಫ್ಟು ಮುಗಿಸಿ ಬರುತ್ತಿದ್ದ ಫ್ಯಾಕ್ಟರಿ ಹುಡುಗಿಯರು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಡ್ರೈವರು ಕನ್ನಡಿಯಲ್ಲಿ ನೋಡುತ್ತಾ ಗೇರು ಹಾಕುವುದನ್ನೇ ಮರೆತ.

ಹೂವಿನ ಬುಟ್ಟಿಯವಳು ಮಾತ್ರ ನಗಲಿಲ್ಲ. ಸುತ್ತ ಒಂದು ಸಲ ನೋಡಿದಳು. ಬುಟ್ಟಿ ಕೆಳಗಿಟ್ಟು, ತನ್ನ ಬಲಗೈಯ ಸೆರಗು ಸರಿಸಿದಳು. ಅವಳ ಮುಂಗೈ ಮೇಲೆ ಚೇಳಿತ್ತು. ಮುಂದೆ ಇಕ್ಕಳ ಎರಡು, ಕಾಲು ಎಂಟು, ಮೈ ದುಂಡಗೆ. ಬಾಲ ಇರಲಿಲ್ಲ.

"ಬಾಲ ಎಲ್ಲೋಯ್ತವ್ವ?" ಎಂದೆ.

"ನಾನು ಕಣಜದಾಗೆ ಬಚ್ಚಿಟ್ಕೊಂಡಿದ್ದೆ," ಎಂದಳು.

"ಅತ್ತೆ ಮನೇಲಿ ಏನಂದೆ?"

"ಬಾಲ ಇದ್ರೆ ವಿಷ ಗಂಡನ ಮನೆಗೆ ಬರ್ತದೆ, ಅದಕ್ಕೇ ನಮ್ಮ ಕಡೆ ಬಾಲ ಬಿಡಿಸಲ್ಲ ಅಂತ ನಮ್ಮಪ್ಪ ಹೇಳ್ದ."

"ನಂಬಿದ್ರಾ?"

"ನಂಬೋದೇನು. ನನ್ನ ಓರಗಿತ್ತೀರಿಗೆಲ್ಲ ಬಾಲ ಐತೆ ಅಂತ ಸಾಯೋವರೆಗೂ ಅವರನ್ನ ಬೈದ್ಲು ನಮ್ಮತ್ತೆ."

ನಾವಿಬ್ಬರೂ ಒಬ್ಬರ ಕೈ ಒಬ್ಬರು ಹಿಡಿದುಕೊಂಡು ನಕ್ಕ ನಗುವಿಗೆ ಕಂಡಕ್ಟರು ಸೀಟಿ ಊದುವುದನ್ನು ಬಿಟ್ಟ. ಅವಳ ಊರು ಯಾವುದೋ ಕೇಳಲಿಲ್ಲ, ನನ್ನದನ್ನು ಅವಳೂ ಕೇಳಲಿಲ್ಲ. ಕಿಟಕಿಯ ಹೊರಗೆ ಮೊಮ್ಮಗಳು ಸ್ಕೂಟರಿನ ಮೇಲೆ ತುದಿಗಾಲಲ್ಲಿ ನಿಂತು, ಫೋನು ಒಳಗೆ ತೂರಿಸಿ, "ಅಜ್ಜಿ, ಆ ಚೇಳು ಸ್ವಲ್ಪ ಈ ಕಡೆ ತಿರುಗಿಸಿ," ಎಂದು ಗೋಗರೆಯುತ್ತಿದ್ದಳು. ಹೂವಿನವಳು ಜಂಬದಿಂದ ತಿರುಗಿಸಿ ತೋರಿಸಿದಳು.

ನಾನು ಇಳಿಯಲಿಲ್ಲ. ಬಸ್ಸು ಹೊರಟಿತು. ಮನೆಯ ತನಕ ಸ್ಕೂಟರು ಬಸ್ಸಿನ ಹಿಂದೆಯೇ ಬಂತು, ತಿರುವಿನಲ್ಲೆಲ್ಲ ಹಾರನ್ನು ಹೊಡೆದು ಅಣಕಿಸುತ್ತಾ. ಊರ ಬಾಗಿಲಲ್ಲಿ ಇಳಿದಾಗ ಕೇಳಿದೆ.

"ನೆಲಮಂಗಲದ ಬೀಗಿತ್ತಿಗೆ ಹೇಳ್ತೀಯೇನೇ?"

"ಯಾಕೆ ಹೇಳ್ಲಿ? ಅವ್ರು ಆಗ್ಲೇ ತಮ್ಮ ಇಬ್ರು ತಂಗೀರಿಗೆ ಹೇಳಿಬಿಟ್ಟಿದಾರೆ. ಅವ್ರ ಹೆಣ್ಣುಮಕ್ಳಿಗೂ ಒಂದೇ ಹಗ್ಗ ಅಂತೆ."

"ನಿಮ್ಮಮ್ಮನಿಗೆ?"

ಅವಳು ನಕ್ಕಳು. ನನಗಿಂತ ಮೊದಲು ಸ್ಕೂಟರಿನಲ್ಲಿ ಮನೆ ಸೇರಿದಳು.

ನಾನು ನಡೆದು ಹೋಗಿ ಬಚ್ಚಲ ಮುಂದಿನ ಒರಳುಕಲ್ಲಿನ ಮೇಲೆ ನಿಂತು ಕಾಲು ತೊಳೆಯುವ ಹೊತ್ತಿಗೆ ಒಳಗೆ ಒಂದು ಪಾತ್ರೆ ಬಿದ್ದ ಸದ್ದಾಯಿತು. ಬಂದು ಜಗಲಿ ಮೇಲೆ ಕೂತೆ. ಎಡಗೈಯನ್ನು ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಸೊಸೆ ಕಾಫಿ ತಂದಳು. ಮುಖ ಕಲ್ಲಿನ ಹಾಗಿತ್ತು, ತುಟಿಯ ತುದಿ ಮಾತ್ರ ನಿಲ್ಲುತ್ತಿರಲಿಲ್ಲ. ಲೋಟವನ್ನು ನನ್ನ ಪಕ್ಕದಲ್ಲಿಟ್ಟಳು.

"ತಗೊಳ್ಳಿ ಅತ್ತೆ," ಎಂದಳು. "ಇದರಲ್ಲಿ ಸೂಜಿಯೇನಿಲ್ಲ."